ಸಾಲದ ಹಣದಲ್ಲಿ ಮರ, ಸಾಲದ ಹಣದಲ್ಲಿ ಕೆರೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೀಳುವ ಮಳೆ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆಯಾಗುವ ಮೊದಲು ಈ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದುದು ಇದೇ ಕಾರಣಕ್ಕೆ. ಇಂಥ ನೆಲಕ್ಕೆ ವಿಶ್ವಬ್ಯಾಂಕಿನ ಸಾಲ ಪರಿಸರದ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬಂತು. ಮೊದಲು ಮರ ನೆಡಲು, ಅನಂತರ ಕೆರೆಗಳನ್ನು ಸರಿಪಡಿಸಲು.

ಮೊದಲನೆಯದು ಸಾಮಾಜಿಕ ಅರಣ್ಯ ಯೋಜನೆ. 1983ರ ಕೊನೆಯಲ್ಲಿ ಮಂಜೂರಾದ ಈ ಸಾಲಕ್ಕೆ ಬ್ರಿಟನ್ ಸರ್ಕಾರದ ನೆರವೂ ಸೇರಿತ್ತು. ಹಳ್ಳಿಗೆ ಸೌದೆ ಸಿಗಲಿ, ದನಕ್ಕೆ ಮೇವು ಸಿಗಲಿ, ಕಾಡಿನ ಮೇಲಿನ ಒತ್ತಡ ತಗ್ಗಲಿ ಎಂಬುದು ಉದ್ದೇಶ. ಆದರೆ ರೈತರಿಗೆ ಹಂಚಿದ ಸಸಿಗಳಲ್ಲಿ ಬಹುಪಾಲು ನೀಲಗಿರಿ. ಅದನ್ನು ದನ ಮುಟ್ಟುವುದಿಲ್ಲ, ಕಾವಲು ಬೇಕಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ಮರವನ್ನು ಕೊಳ್ಳಲು ಕಾಗದ ಮತ್ತು ಕೃತಕ ನೂಲಿನ ಕಾರ್ಖಾನೆಗಳಿದ್ದವು. ಕೋಲಾರದ ರೈತರು ಯೋಜನೆಗೆ ಮೊದಲೇ ನೀಲಗಿರಿಯತ್ತ ವಾಲಿದ್ದರು. ದೋಷವನ್ನೆಲ್ಲ ಬ್ಯಾಂಕಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ರಾಗಿ ಹೊಲ ತೋಪಾದಾಗ ಕಳೆ ಕೀಳುವವರ, ಕೊಯ್ಯುವವರ ಕೂಲಿ ಏನಾಯಿತೆಂದು ಕೇಳಿದವರು ಕಡಿಮೆ. 1983ರ ಆಗಸ್ಟ್‌ನಲ್ಲೇ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಬಿತ್ತಿದ್ದರು.

ನೀಲಗಿರಿ ನಿಜವಾಗಿಯೂ ನೀರು ಕುಡಿಯುತ್ತದೆಯೇ? ವಾದ ಜೋರಾದ ಮೇಲೆ ಅಳೆದೇ ನೋಡಿದರು. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆ ಮತ್ತು ಕರ್ನಾಟಕದ ಅರಣ್ಯ ಇಲಾಖೆ ಸೇರಿ ಶಿವಮೊಗ್ಗದ ಬಳಿಯಲ್ಲೂ ಮಾಲೂರಿಗೆ ನೆರೆಯ ಹೊಸಕೋಟೆಯಲ್ಲೂ ನಡೆಸಿದ ಅಧ್ಯಯನದ ಫಲಿತಾಂಶ 1990ರ ದಶಕದಲ್ಲಿ ಪ್ರಕಟವಾಯಿತು. ಮಣ್ಣು ಸುಮಾರು 3 ಮೀಟರ್ ಆಳವಿದ್ದ ಕಡೆ ನೀಲಗಿರಿ ಬಳಸಿದ ನೀರು ಅಲ್ಲಿನ ಕುರುಚಲು ಕಾಡಿನಷ್ಟೇ. ಆದರೆ ರಾಗಿ ಬಳಸುವುದರ ಸುಮಾರು ಎರಡರಷ್ಟು. ಹೊಸಕೋಟೆಯಂತೆ ಮಣ್ಣು 8 ಮೀಟರಿಗೂ ಆಳವಿದ್ದಲ್ಲಿ ಬೇರುಗಳು ಕೆಳಗಿಳಿಯುತ್ತಾ ಹೋಗಿ, ಆ ವರ್ಷದ ಮಳೆಗಿಂತಲೂ ಹೆಚ್ಚು ನೀರನ್ನು ಎಲೆಗಳ ಬಾಷ್ಪವಿಸರ್ಜನೆಯಲ್ಲಿ ಗಾಳಿಗೆ ಬಿಡುತ್ತಿದ್ದವು. ಕಾಡಿನ ಜಾಗದಲ್ಲಿ ನೆಟ್ಟರೆ ಒಂದು ಲೆಕ್ಕ, ರಾಗಿ ಹೊಲದಲ್ಲಿ ನೆಟ್ಟರೆ ಇನ್ನೊಂದು ಲೆಕ್ಕ. ಈ ಲೆಕ್ಕ ಸಾಲಕ್ಕೆ ಮೊದಲು ಆಗಬೇಕಿತ್ತು.

ಸಾಲ ಕೊಡುವ ಮೊದಲು ಪರಿಸರದ ಮೇಲಾಗುವ ಪರಿಣಾಮವನ್ನು ಪರೀಕ್ಷಿಸಲೇಬೇಕೆಂಬ ನಿಯಮವನ್ನು ವಿಶ್ವಬ್ಯಾಂಕ್ ಮಾಡಿಕೊಂಡದ್ದು 1989ರಲ್ಲಿ. ನರ್ಮದೆಯ ಸರ್ದಾರ್ ಸರೋವರದ ಬಗ್ಗೆ 1992ರಲ್ಲಿ ಮೋರ್ಸ್ ಸಮಿತಿ ಕಟು ವರದಿ ಕೊಟ್ಟಿತು. ಮರುವರ್ಷ ಭಾರತ ಉಳಿದ ಸಾಲವನ್ನೇ ಬೇಡವೆಂದಿತು. ಅದೇ 1993ರಲ್ಲಿ, ಯೋಜನೆಯಿಂದ ನೊಂದ ಜನರೇ ನೇರವಾಗಿ ದೂರು ಕೊಡಬಹುದಾದ ತನಿಖಾ ಮಂಡಳಿ ಬಂತು. ನಿಯಮಗಳೇನೋ ಒಳ್ಳೆಯವೇ. ಆದರೆ ಅವು ಅಣೆಕಟ್ಟನ್ನು ಅನುಮಾನದಿಂದ ನೋಡುವಷ್ಟು ಸುಲಭವಾಗಿ ಸಸಿಯನ್ನು ಅನುಮಾನಿಸುವುದಿಲ್ಲ. ವನಮಹೋತ್ಸವಕ್ಕೆ ಯಾರು ತಾನೇ ಬೇಡವೆಂದಾರು?

ಕೆರೆಗಳ ಸಾಲ 2002ರದು. ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಕೋಲಾರವೂ ಸೇರಿ ಹಲವು ಜಿಲ್ಲೆಗಳ ಕೆರೆಗಳ ಹೂಳೆತ್ತುವ, ಏರಿ ಮತ್ತು ತೂಬು ಸರಿಪಡಿಸುವ ಕೆಲಸ ನಡೆಯಿತು. ಈ ಸಲ ಊರಿನವರನ್ನು ಕೇಳಿದರು. ಕೆರೆ ಬಳಕೆದಾರರ ಸಂಘಗಳಾದವು, ಖರ್ಚಿನಲ್ಲಿ ಊರಿಗೂ ಒಂದು ಪಾಲು ಬಂತು. ಇಷ್ಟರ ಮಟ್ಟಿಗೆ ಬ್ಯಾಂಕ್ ಪಾಠ ಕಲಿತಿತ್ತು. ಆದರೆ ಕೆರೆಯೆಂದರೆ ಅಂಗಳವಷ್ಟೇ ಅಲ್ಲ. ಮೇಲಿನ ದಿಬ್ಬದಲ್ಲಿ ನೀಲಗಿರಿ ತೋಪು ನಿಂತು, ರಾಜಕಾಲುವೆ ಒತ್ತುವರಿಯಾಗಿದ್ದರೆ ಹೂಳೆತ್ತಿದ ಕೆರೆಗೆ ನೀರು ಬರುವುದಾದರೂ ಎಲ್ಲಿಂದ? ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕೊಳವೆಬಾವಿಗಳು 1,000 ಅಡಿ ದಾಟಿದ್ದಕ್ಕೆ ಪಂಪುಗಳೇ ಮುಖ್ಯ ಕಾರಣವಿರಬಹುದು. ತೋಪುಗಳ ಪಾಲನ್ನೂ ಮರೆಯಬಾರದು. ವಿದ್ಯಾರ್ಥಿಗಳು ಒಂದು ರಜೆಯ ದಿನ ತಮ್ಮೂರ ಕೆರೆಗೆ ನೀರು ಬರುವ ದಾರಿಯಲ್ಲಿ ಮೇಲಕ್ಕೆ ನಡೆದು, ಎಷ್ಟು ತೋಪು, ಎಷ್ಟು ಹೊಲ ಎಂದು ನಕ್ಷೆ ಬರೆದು ನೋಡಬಹುದು.

2017ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪುಗಳ ಮಾತು ಬೇರೆ: ಮರ ಕಡಿದು ಲಾರಿಗೆ ಹೇರಿದರೂ, ಬುಡವನ್ನು ಅಗೆದು ತೆಗೆಯದಿದ್ದರೆ ಮುಂದಿನ ಮಳೆಗೆ ಅದು ಮತ್ತೆ ಚಿಗುರುತ್ತದೆ.