ಗಾಳಿಯೊಳಗಿನ ನೀರು

ಮೋಟಾರು ರಿಪೇರಿಯ ಗ್ಯಾರೇಜಿನ ಮುಂದೆ ತಾವು ಒಮ್ಮೆಯಾದರೂ ನಿಂತಿರುತ್ತೀರಿ. ಒಳಗೆ ಕಂಪ್ರೆಸರ್ ಯಂತ್ರವು ಧಡಧಡನೆ ಸದ್ದು ಮಾಡುತ್ತ ಗಾಳಿಯನ್ನು ಟ್ಯಾಂಕಿಗೆ ಒತ್ತಿ ತುಂಬುತ್ತಿರುತ್ತದೆ. ಆ ಗಾಳಿಯೇ ಕೊಳವೆಗಳಲ್ಲಿ ಹರಿದು ಚಕ್ರದ ನಟ್ಟುಗಳನ್ನು ಬಿಚ್ಚುತ್ತದೆ, ಬಣ್ಣ ಸಿಂಪಡಿಸುತ್ತದೆ. ಗೋಡೆಯ ಮೇಲೆ ಸಾಲಾಗಿ ಜೋಡಿಸಿದ ಮೂರು ಪುಟ್ಟ ಉಪಕರಣಗಳನ್ನು ಮಾತ್ರ ತಾವು ಗಮನಿಸಿರಲಾರಿರಿ. ಮೊದಲನೆಯದು ಫಿಲ್ಟರ್, ನಡುವಿನದು ರೆಗ್ಯುಲೇಟರ್, ಕೊನೆಯದು ಲೂಬ್ರಿಕೇಟರ್. ಸೋಸುಕ, ನಿಯಾಮಕ, ತೈಲಕ ಎಂದು ನಾನು ನಾಮಕರಣ ಮಾಡಿದಾಗ ಗ್ಯಾರೇಜು ನಡೆಸುವ ನನ್ನ ಹಳೆಯ ಶಿಷ್ಯನೊಬ್ಬ ನಕ್ಕು, “ಮೇಷ್ಟ್ರೇ, ಆ ಹೆಸರು ಹೇಳಿದರೆ ಅಂಗಡಿಯವನು ಸಾಮಾನೇ ಕೊಡುವುದಿಲ್ಲ” ಎಂದ. ಅವನ ಮಾತು ದಿಟ. ಅಂಗಡಿಯ ಹೆಸರುಗಳೇ ಇರಲಿ.

ಈ ಶಿಷ್ಯ ಒಂದು ಆಷಾಢದಲ್ಲಿ ಬಹಳ ನಷ್ಟ ಅನುಭವಿಸಿದ. ಕಾರಿನ ಬಾಗಿಲಿಗೆ ಹೊಡೆದ ಬಣ್ಣದ ಮೇಲೆ ಸಣ್ಣ ಗುಳ್ಳೆಗಳೇಳುತ್ತಿದ್ದವು. ಬಣ್ಣದ ಡಬ್ಬಿ ಬದಲಾಯಿಸಿದ, ಬಣ್ಣ ಹೊಡೆಯುವ ಹುಡುಗನನ್ನೂ ಬೈದ. ತಪ್ಪು ಇಬ್ಬರದೂ ಅಲ್ಲ. ಗಾಳಿಯೊಡನೆ ನೀರು ಬರುತ್ತಿತ್ತು. ನೀರು ಎಲ್ಲಿಂದ ಬಂತು? ಕನ್ನಡ ಪಂಡಿತನಾದ ನನಗೆ ಈ ಲೆಕ್ಕವನ್ನು ಹಾಕಿಕೊಟ್ಟವರು ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು.

30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿಯು ಹೆಚ್ಚೆಂದರೆ ಸುಮಾರು 30 ಗ್ರಾಮು ನೀರಾವಿಯನ್ನು ಹಿಡಿದಿಡಬಲ್ಲದು. ಮಳೆಗಾಲದ ದಿನ ಅದರಲ್ಲಿ 24 ಗ್ರಾಮು ಇದೆಯೆನ್ನಿ. ಮಾಪಕವು 7 ಬಾರ್ ತೋರಿಸುವವರೆಗೆ ಆ ಗಾಳಿಯನ್ನು ಒತ್ತಿದರೆ ಅದು ಎಂಟನೆಯ ಒಂದು ಪಾಲು ಜಾಗಕ್ಕೆ ಕುಗ್ಗುತ್ತದೆ. ಒತ್ತುವಾಗ ಕಾದ ಗಾಳಿ ಮತ್ತೆ 30 ಡಿಗ್ರಿಗೆ ತಣಿದ ಮೇಲೆ ಅಷ್ಟು ಜಾಗದಲ್ಲಿ ಆವಿಯಾಗಿ ನಿಲ್ಲುವುದು 4 ಗ್ರಾಮಿನಷ್ಟೇ. ಉಳಿದ 20 ಗ್ರಾಮು ನೀರಾಗಿ ಇಳಿಯುತ್ತದೆ, ಒದ್ದೆ ಪಂಚೆಯನ್ನು ಹಿಂಡಿದ ಹಾಗೆ. ಗಂಟೆಗೆ 10 ಘನ ಮೀಟರು ಗಾಳಿ ಎಳೆಯುವ ಯಂತ್ರ 8 ಗಂಟೆ ನಡೆದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು! ಬಹುಪಾಲು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಅದನ್ನು ದಿನವೂ ಬಿಡಬೇಕು. ಮಿಕ್ಕದ್ದು ಕೊಳವೆಯಲ್ಲಿ ಗಾಳಿ ತಣಿದಂತೆಲ್ಲ ಹನಿಗಟ್ಟುತ್ತದೆ.

ಆದ್ದರಿಂದ ಫಿಲ್ಟರನ್ನು ಕಂಪ್ರೆಸರಿನ ಬಾಯಿಗೇ ಕಟ್ಟದೆ, ಗಾಳಿ ತಣಿದು ಬರುವ ತುದಿಯಲ್ಲಿ, ಉಪಕರಣದ ಸಮೀಪದಲ್ಲಿ ಹಾಕಬೇಕು. ಒಳಬಂದ ಗಾಳಿಯನ್ನು ಅದು ಮೊದಲು ಸುಳಿಯಂತೆ ತಿರುಗಿಸುತ್ತದೆ. ಭಾರವಾದ ಹನಿಗಳು ಬಟ್ಟಲಿನ ಗೋಡೆಗೆ ಬಡಿದು ಕೆಳಗಿಳಿಯುತ್ತವೆ. ಬಳಿಕ ಗಾಳಿ ಜಾಲರಿಯಂಥ ಸೋಸುಗೊಳವೆಯನ್ನು ಹಾಯುತ್ತದೆ. ನಟ್ಟು ಬಿಚ್ಚುವ ಉಪಕರಣಕ್ಕೆ 40 ಮೈಕ್ರಾನಿನ ಸೋಸುಗೊಳವೆ ಸಾಕು. ಬಣ್ಣಕ್ಕೆ 5 ಮೈಕ್ರಾನಿನದು ಬೇಕು. ಆದರೆ ಫಿಲ್ಟರು ಹಿಡಿಯುವುದು ಹನಿಯನ್ನು ಮಾತ್ರ, ಆವಿಯನ್ನಲ್ಲ. ಮಳೆಗಾಲದಲ್ಲಿ ಬಣ್ಣ ಹೊಡೆಯುವವರು ಗಾಳಿಯನ್ನು ಒಣಗಿಸುವ ಡ್ರೈಯರನ್ನೂ ಇಟ್ಟುಕೊಳ್ಳುವುದು ಲೇಸು.

ಕೊಳ್ಳುವಾಗ ಕೊಳವೆಯ ಅಳತೆಯೊಂದನ್ನೇ ಹೇಳಿ ಬರುವುದು ವಾಡಿಕೆ. ಉಪಕರಣವು ನಿಮಿಷಕ್ಕೆ ಎಷ್ಟು ಗಾಳಿ ಕುಡಿಯುತ್ತದೆ ಎಂಬುದನ್ನು ನೋಡಬೇಕು. ಫಿಲ್ಟರು ಚಿಕ್ಕದಾದರೆ ಒತ್ತಡ ಕುಸಿಯುತ್ತದೆ. ತೀರ ದೊಡ್ಡದಾದರೆ ಸುಳಿಯೇ ಏಳದೆ ನೀರು ಹಾಗೆಯೇ ದಾಟುತ್ತದೆ.

ರೆಗ್ಯುಲೇಟರು ಸ್ಪ್ರಿಂಗಿನಿಂದ ಒತ್ತಡವನ್ನು ಹತೋಟಿಯಲ್ಲಿಡುತ್ತದೆ. ಒತ್ತಡ ಇಳಿಸುವಾಗ ಬೇಕಾದುದಕ್ಕಿಂತ ಕೆಳಕ್ಕೆ ಇಳಿಸಿ, ಮತ್ತೆ ಮೇಲೇರಿಸಿ ನಿಲ್ಲಿಸಿದರೆ ಅಳತೆ ಕದಲದು. ಬೇಕಾದುದಕ್ಕಿಂತ ಹೆಚ್ಚು ಒತ್ತಡವೆಂದರೆ ವಿದ್ಯುತ್ತಿನ ಬಿಲ್ಲೂ ಹೆಚ್ಚು.

ಲೂಬ್ರಿಕೇಟರು ಗಾಳಿಗೆ ಎಣ್ಣೆಯ ಮಂಜನ್ನು ಬೆರೆಸಿ ಉಪಕರಣದ ಒಳಭಾಗಗಳನ್ನು ಸವೆಯದಂತೆ ಕಾಯುತ್ತದೆ. ಎಣ್ಣೆ ಸಾಕಾಗುತ್ತಿದೆಯೇ ಎಂದು ನೋಡಲು, ಉಪಕರಣದಿಂದ ಗಾಳಿ ಹೊರಬೀಳುವಲ್ಲಿ ಬಿಳಿ ಕಾಗದವನ್ನು ಸ್ವಲ್ಪ ಹೊತ್ತು ಹಿಡಿಯಿರಿ: ನಸುಕಲೆ ಬಿದ್ದರೆ ಸರಿ, ತೊಟ್ಟಿಕ್ಕಿದರೆ ಅತಿಯಾಯಿತು. ಬಣ್ಣದ ಸಾಲಿಗೆ ಲೂಬ್ರಿಕೇಟರು ಕೂಡದು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ. ಫಿಲ್ಟರಿನ ಪಾರದರ್ಶಕ ಬಟ್ಟಲು ಅನೇಕ ವೇಳೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ನನ್ನ ಶಿಷ್ಯ ಗುಳ್ಳೆಯ ಗುಟ್ಟು ತಿಳಿದ ಉತ್ಸಾಹದಲ್ಲಿ ಅದನ್ನು ಬಿಚ್ಚಿ ಥಿನ್ನರಿನಿಂದ ಫಳಫಳನೆ ತೊಳೆದ. ಕೆಲವು ದಿನ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಬಟ್ಟಲು ಪಟಾಕಿಯಂತೆ ಸಿಡಿಯಿತು. ಸುತ್ತ ಉಕ್ಕಿನ ಕವಚವಿದ್ದುದರಿಂದ ಚೂರುಗಳು ಅದರೊಳಗೇ ಉಳಿದವು. ಎದುರಿಗೆ ನಿಂತಿದ್ದ ಹುಡುಗನ ಕಣ್ಣು ಉಳಿಯಿತು. ಥಿನ್ನರ್, ಪೆಟ್ರೋಲ್, ಬ್ರೇಕ್ ಆಯಿಲ್ ಮತ್ತು ಕೆಲವು ಕೃತಕ ಎಣ್ಣೆಗಳು ಈ ಪ್ಲಾಸ್ಟಿಕ್ಕಿಗೆ ವಿಷ. ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಕಣ್ಣಿಗೆ ಕಾಣುವಾಗ ತಡವಾಗಿರುತ್ತದೆ. ಕಂಪ್ರೆಸರು ಬಣ್ಣದ ಕೋಣೆಯ ಪಕ್ಕದಲ್ಲಿದ್ದರೆ ಥಿನ್ನರಿನ ಆವಿಯನ್ನೇ ಎಳೆದುಕೊಂಡು ಬಟ್ಟಲಿಗೆ ಉಣಿಸಬಹುದು. ಗಾಳಿಯನ್ನು ನಿಲ್ಲಿಸಿ, ಒತ್ತಡವನ್ನು ಪೂರ್ತಿ ಹೊರಬಿಟ್ಟು, ಆಮೇಲೆ ಬಟ್ಟಲು ಬಿಚ್ಚಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯಬೇಕು. ಬಿರುಕು ಬಿಟ್ಟದ್ದನ್ನು ಅಂಟು ಹಾಕಿ ಬಳಸಬಾರದು. ಕವಚವಿಲ್ಲದೆ ಎಂದೂ ಜೋಡಿಸಬಾರದು.

ಆ ಗ್ಯಾರೇಜಿನ ಬಣ್ಣದ ಸಾಲಿನಲ್ಲಿ ಈಗ ಲೋಹದ ಬಟ್ಟಲಿದೆ, ನೀರಿನ ಮಟ್ಟ ಕಾಣಲು ಪಕ್ಕದಲ್ಲೊಂದು ಸಣ್ಣ ಕಿಂಡಿ. ಬೆಳಿಗ್ಗೆ ಬಾಗಿಲು ತೆರೆದೊಡನೆ ಅದರ ಕೆಳಗಿನ ತಿರುಪನ್ನು ಸಡಿಲಿಸಿ ನೀರು ಬಿಡುವ ಕೆಲಸವನ್ನು, ಅಂದು ಎದುರಿಗೆ ನಿಂತಿದ್ದ ಆ ಹುಡುಗನೇ ವಹಿಸಿಕೊಂಡಿದ್ದಾನೆ.