ಕಾಫಿ ಅಳಿದ ನಾಡಿನಲ್ಲಿ ಒಂದು ದಿನ

ಕಡಲಾಚೆಯ ಪ್ರವಾಸವೆಂದರೆ ಬಲು ಖರ್ಚಿನ ಮಾತೆಂದು ಬೆಳೆಗಾರರಾದ ನಾವು ಸುಮ್ಮನಾಗುವುದುಂಟು. ಆದರೆ ಕೊಯ್ಲು ಮುಗಿದು, ಮಕ್ಕಳ ಪರೀಕ್ಷೆಯೂ ಮುಗಿದ ಮೇಲೆ, ಒಂದು ವಾರದ ಮಟ್ಟಿಗೆ ಮನೆಮಂದಿಯೆಲ್ಲ ಹೋಗಿಬರಬಹುದಾದ ಹೊರದೇಶವೊಂದು ನಮ್ಮ ಪಕ್ಕದಲ್ಲೇ ಇದೆ. ಅದೇ ಶ್ರೀಲಂಕಾ. ಅಲ್ಲಿಗೆ ಹೋದವರಲ್ಲಿ ಹೆಚ್ಚಿನವರು ಕಡಲತೀರವನ್ನು ಅರಸುತ್ತಾರೆ. ತೋಟದವರು ಮಾತ್ರ ಒಂದು ಪೂರ್ತಿ ದಿನವನ್ನು ಕ್ಯಾಂಡಿ ಪಟ್ಟಣಕ್ಕೆ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವೂ ಇದೆ.

ಕೊಲಂಬೊದಿಂದ ಕ್ಯಾಂಡಿಗೆ ನಾವು ರೈಲಿನಲ್ಲಿ ಹೋದೆವು. ಸುಮಾರು ಮೂರು ಗಂಟೆಯ ದಾರಿ. ಗದ್ದೆ ಬಯಲು ಕಳೆದು ಘಟ್ಟ ಏರತೊಡಗಿದ ಮೇಲೆ ಮಕ್ಕಳು ಕಿಟಕಿ ಬಿಟ್ಟು ಕದಲಲಿಲ್ಲ. ಈ ಹಳಿ ಕ್ಯಾಂಡಿಯನ್ನು ಮುಟ್ಟಿದ್ದು 1867ರಲ್ಲಿ. ಅದನ್ನು ಹಾಕಿಸಿದ್ದು ಮುಖ್ಯವಾಗಿ ಕಾಫಿಯನ್ನು ಬಂದರಿಗೆ ಸಾಗಿಸುವುದಕ್ಕಾಗಿ. ಹೌದು, ಇಂದು ಚಹಾದ ಹೆಸರಿನಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಈ ನಾಡು ಅಂದು ಕಾಫಿಯ ನಾಡಾಗಿತ್ತು. 1870ರ ಸುಮಾರಿಗೆ ಇಲ್ಲಿಂದ ವರ್ಷಕ್ಕೆ 10 ಕೋಟಿ ಪೌಂಡಿನಷ್ಟು ಕಾಫಿ ಹೊರದೇಶಗಳಿಗೆ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಮೊದಲು ದಳದಾ ಮಾಳಿಗಾವಕ್ಕೆ ಹೋದೆವು. ಬುದ್ಧನ ದಂತವನ್ನು ಇಟ್ಟು ಪೂಜಿಸುವ ದೇವಾಲಯವಿದು. ದಿನಕ್ಕೆ ಮೂರು ಹೊತ್ತು ಡೋಲಿನ ಸದ್ದಿನೊಡನೆ ಪೂಜೆ ನಡೆಯುತ್ತದೆ. ಭುಜ, ಮೊಣಕಾಲು ಮುಚ್ಚುವ ಉಡುಪು ಇಲ್ಲಿ ಅಗತ್ಯ. ಚಪ್ಪಲಿ ಹೊರಗೇ ಬಿಡಬೇಕು. ತಾವರೆ ಹೂ ಹಿಡಿದ ಜನರ ಸಾಲಿನಲ್ಲಿ ನಿಂತಾಗ ನಮ್ಮ ಮನೆಯ ಹಿರಿಯರಿಗೆ ಪರದೇಶವೆಂಬ ಭಾವನೆಯೇ ಬರಲಿಲ್ಲ. ಎದುರಿನ ಕೆರೆ ಕ್ಯಾಂಡಿಯ ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ ಕಟ್ಟಿಸಿದ್ದು.

ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಪೆರಾದೆನಿಯ ಸಸ್ಯೋದ್ಯಾನಕ್ಕೆ ಬಂದೆವು. ಮಹಾವೇಲಿ ನದಿ ಬಳಸಿ ಹರಿಯುವ ಜಾಗದಲ್ಲಿ 147 ಎಕರೆ ವಿಸ್ತಾರದ ತೋಟವಿದು. ಸಾಲು ತಾಳೆಗಳು, ಸಾಂಬಾರ ಗಿಡಗಳ ಅಂಗಳ, ಜೋಡಿ ತೆಂಗಿನ ಮರ, ಹುಲ್ಲು ಬಯಲಿನಲ್ಲಿ ಕೊಡೆಯಂತೆ ಹರಡಿದ ಜಾವಾ ಅತ್ತಿ ಎಲ್ಲವೂ ನೋಡತಕ್ಕವು. ಮರದ ತುಂಬ ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿಗಳನ್ನು ಎಣಿಸುವುದೇ ಮಕ್ಕಳಿಗೆ ಆಟವಾಯಿತು.

ಈ ಉದ್ಯಾನಕ್ಕೂ ನಮ್ಮ ತೋಟಗಳಿಗೂ ಒಂದು ಸಂಬಂಧವಿದೆ. 1869ರಲ್ಲಿ ಮದುಲ್ಸಿಮ ಎಂಬಲ್ಲಿಯ ಕಾಫಿ ಎಲೆಗಳ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಆಗ ಇಲ್ಲಿ ನಿರ್ದೇಶಕರಾಗಿದ್ದ ಥ್ವೇಟ್ಸ್ ಅವರು ಅದನ್ನು ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಬರ್ಕ್ಲೆಯವರಿಗೆ ಕಳಿಸಿಕೊಟ್ಟರು. ಅವರಿಟ್ಟ ಹೆಸರು ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್. ಎರಡನೆಯ ಪದಕ್ಕೆ ಹಾಳುಗೆಡಹುವಂಥದು ಎಂದರ್ಥ. ನಾವು ಎಲೆತುಕ್ಕು ಎನ್ನುವುದು ಇದನ್ನೇ.

ರೋಗ ಬಂದ ಕೂಡಲೇ ಬೆಳೆಗಾರರು ಎಚ್ಚೆತ್ತರೇ ಎಂದರೆ, ಇಲ್ಲ. 1870ರ ದಶಕದಲ್ಲಿ ಕಾಫಿಗೆ ಬೆಲೆ ಏರಿತು. ಇಳುವರಿ ಕುಸಿದರೂ ಕೈಗೆ ಬರುವ ಹಣ ಅಷ್ಟಾಗಿ ಇಳಿಯಲಿಲ್ಲ. ಸಾಲ ತೆಗೆದು ಇನ್ನಷ್ಟು ಕಾಡು ಕಡಿದು ಕಾಫಿಯನ್ನೇ ನೆಟ್ಟರು. ಬೆಟ್ಟದ ಮೇಲೆ ಬೆಟ್ಟ, ನೆರಳು ವಿರಳ, ಗಾಳಿಗೆ ತಡೆಯಿಲ್ಲ. ರೋಗಕ್ಕೆ ಬೇಕಾದ ಹಾದಿಯನ್ನು ತಾವೇ ಮಾಡಿಕೊಟ್ಟಂತಾಯಿತು. 1884ರಲ್ಲಿ ಈ ತೋಟಗಳಿಗೆ ಸಾಲ ಕೊಟ್ಟಿದ್ದ ಓರಿಯಂಟಲ್ ಬ್ಯಾಂಕೇ ಬಾಗಿಲು ಮುಚ್ಚಿತು. 1889ರ ವೇಳೆಗೆ ಫಸಲು 50 ಲಕ್ಷ ಪೌಂಡಿನಷ್ಟಕ್ಕೆ ಇಳಿದಿತ್ತು. ನಡುವೆ ಎಲ್ಲರೂ ಒಮ್ಮೆಲೇ ಸಿಂಕೋನಾ ನೆಟ್ಟದ್ದರಿಂದ ಅದರ ಬೆಲೆಯೂ ನೆಲ ಕಚ್ಚಿತು. ಬೋರ್ಡೋ ದ್ರಾವಣದ ಗುಣ ಫ್ರಾನ್ಸಿನಲ್ಲಿ ಬೆಳಕಿಗೆ ಬಂದದ್ದು 1885ರಲ್ಲಿ. ಅಷ್ಟರಲ್ಲಿ ಇಲ್ಲಿಯ ಕಾಫಿಯ ಕಾಲ ಮುಗಿದಿತ್ತು.

ಮಧ್ಯಾಹ್ನದ ಊಟವಾದ ಮೇಲೆ ಪಟ್ಟಣದ ಪಕ್ಕದ ಹಂತಾನ ಬೆಟ್ಟಕ್ಕೆ ಹೋದೆವು. 1925ರಲ್ಲಿ ಕಟ್ಟಿದ ಚಹಾ ಕಾರ್ಖಾನೆಯೊಂದು 2001ರಿಂದ ವಸ್ತುಸಂಗ್ರಹಾಲಯವಾಗಿದೆ. ಹಳೆಯ ಯಂತ್ರಗಳ ಜೊತೆಗೆ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನ ನೆನಪಿನ ವಸ್ತುಗಳೂ ಅಲ್ಲಿವೆ. ಈತ ಲೂಲೆಕಂದೆರ ತೋಟದಲ್ಲಿ 19 ಎಕರೆಗೆ ಚಹಾ ನೆಟ್ಟದ್ದು 1867ರಲ್ಲಿ, ಅಂದರೆ ತುಕ್ಕು ಕಾಣಿಸುವುದಕ್ಕೆ ಎರಡು ವರ್ಷ ಮೊದಲು. ಕಾಫಿ ಚೆನ್ನಾಗಿದ್ದಾಗಲೇ ಇನ್ನೊಂದು ಬೆಳೆಯನ್ನು ಸ್ವಲ್ಪ ಜಾಗದಲ್ಲಿ ಪರೀಕ್ಷಿಸಿದ್ದರಿಂದಲೇ ಮುಂದೆ ನಾಡು ಉಳಿಯಿತು. ಮೇಲಂತಸ್ತಿನಲ್ಲಿ ಕುಳಿತು ಚಹಾ ಕುಡಿಯುವಾಗ, ಒಣಗಿದ ಕಾಫಿ ಕಾಂಡಗಳನ್ನು ಚಹಾ ಮೇಜಿನ ಕಾಲು ಮಾಡಲು ಇಂಗ್ಲೆಂಡಿಗೆ ಸಾಗಿಸಿದರಂತೆ ಎಂಬ ಮಾತು ಬಂತು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ.

ಹಿಂದಿರುಗುವಾಗ ದಾರಿಬದಿಯ ಮನೆತೋಟಗಳನ್ನು ಕಂಡೆವು. ಹಲಸು, ತೆಂಗು, ಬಾಳೆ, ಜಾಯಿಕಾಯಿ, ಅವರು ಪುವಕ್ ಎನ್ನುವ ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ! ಕ್ಯಾಂಡಿಯ ಇಂಥ ಮಿಶ್ರ ತೋಟಗಳಲ್ಲಿ ಕಾಫಿ ಗಿಡ ಇಂದಿಗೂ ಉಳಿದುಕೊಂಡಿದೆ. ದೊಡ್ಡ ಎಸ್ಟೇಟುಗಳು ಕಳೆದುಕೊಂಡದ್ದನ್ನು ಸಣ್ಣ ಹಿತ್ತಿಲು ಕಾಪಾಡಿಕೊಂಡಿದೆ.

ಅದೇ ತುಕ್ಕು ನಮ್ಮ ಮೈಸೂರು ಸೀಮೆಗೂ ಬಂದು ಸಾಕಷ್ಟು ಹಾನಿ ಮಾಡಿತು. ಆದರೂ ನೆರಳಿನ ಮರಗಳು, ಕೆಂಟ್ಸ್ ತಳಿ, ರೊಬಸ್ಟಾ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಎಸ್.795 ಇವುಗಳಿಂದ ನಮ್ಮ ಕಾಫಿ ಉಳಿಯಿತು. 2025ರ ಆರಂಭದಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಮಟ್ಟ ಮುಟ್ಟಿದಾಗ ನೆರಳು ಕಡಿಯುವ, ಗದ್ದೆಗೆಲ್ಲ ಅಡಿಕೆ ಹಾಕುವ ಮಾತು ನಮ್ಮಲ್ಲೂ ಕೇಳಿಬಂತು. ಅಡಿಕೆಗೆ ಕೊಳೆರೋಗದ ಜೊತೆಗೆ ಎಲೆಚುಕ್ಕೆಯೂ ಸೇರಿಕೊಂಡಿದೆ. ಬೆಲೆ ಚೆನ್ನಾಗಿರುವ ವರ್ಷದಲ್ಲೇ ಎಲೆಯ ಕೆಳಮೈ ತಿರುವಿ ನೋಡಬೇಕು. ಮಳೆಗೆ ಮುನ್ನ ಕಾಫಿಗೆ ಅರ್ಧ ಪ್ರತಿಶತ, ಅಡಿಕೆಗೆ ಒಂದು ಪ್ರತಿಶತ ಬೋರ್ಡೋ ಸಿಂಪಡಣೆ ತಪ್ಪಿಸಬಾರದು. ಮೆಣಸು, ಬಾಳೆ, ಹಲಸು ತೋಟದಲ್ಲಿರಲಿ. ಕೈಯಲ್ಲಿ ನಾಲ್ಕು ಕಾಸು ಉಳಿದರೆ ಮಕ್ಕಳನ್ನು ಕರೆದುಕೊಂಡು ಕ್ಯಾಂಡಿಯನ್ನೂ ನೋಡಿ ಬರಲಿ ಎಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.