ನಾಯಿಗೆ ಮನೆಯಲ್ಲೇ ಮಾಂಸದ ತಿನಿಸು: ಒಣಗಿಸುವುದರ ಭೌತವಿಜ್ಞಾನ

ನಾಯಿ ಸಾಕಿದವರ ಮನೆಯಲ್ಲಿ ಒಣಮಾಂಸದ ಚೂರುಗಳ ಪೊಟ್ಟಣ ಈಗ ಸಾಮಾನ್ಯ. ಕರೆದಾಗ ಬಂದರೆ ಒಂದು ಚೂರು, ಹೇಳಿದಾಗ ಕುಳಿತರೆ ಇನ್ನೊಂದು. ಪೊಟ್ಟಣದ ಬೆಲೆ ನೋಡಿ ಇದನ್ನು ಮನೆಯಲ್ಲೇ ಮಾಡಬಾರದೇಕೆ ಎಂದು ಯೋಚಿಸುವವರಿದ್ದಾರೆ. ಬೆಲೆಯೊಂದೇ ಕಾರಣವಲ್ಲ. 2007ರಿಂದ ಅಮೆರಿಕದಲ್ಲಿ ಇಂಥ ಒಣತಿನಿಸು ತಿಂದ ನಾಯಿಗಳು ಕಾಯಿಲೆ ಬಿದ್ದ ದೂರುಗಳು ಬರತೊಡಗಿದವು. 2015ರ ಕೊನೆಯ ವೇಳೆಗೆ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಗೆ ಸುಮಾರು 5200 ದೂರುಗಳು ಬಂದಿದ್ದವು. ಸತ್ತ ನಾಯಿಗಳ ಸಂಖ್ಯೆ 1100ನ್ನು ಮೀರಿತ್ತು. ಹಲವು ನಾಯಿಗಳ ಮೂತ್ರಪಿಂಡಕ್ಕೆ ಹಾನಿಯಾಗಿತ್ತು. ದೀರ್ಘ ತನಿಖೆ ನಡೆದರೂ ಕಾರಣವಾದ ವಸ್ತು ಖಚಿತವಾಗಿ ಸಿಕ್ಕಲಿಲ್ಲ.

ಹಾಗಾದರೆ ಮನೆಯದೇ ಕ್ಷೇಮವೆ? ಮಾಡುವ ವಿಧಾನ ಸರಿಯಿದ್ದರೆ ಮಾತ್ರ. ಕೊಬ್ಬಿಲ್ಲದ ಕೋಳಿಯ ಎದೆಮಾಂಸವನ್ನು ತೆಳ್ಳಗೆ ಹೆಚ್ಚಿ 60 ಡಿಗ್ರಿ ಸೆಲ್ಸಿಯಸ್ ತಾಪದ ಒಲೆಯಲ್ಲಿಟ್ಟು ಒಣಗಿಸಿದರಾಯಿತು ಎಂದು ಹಲವರು ಹೇಳುತ್ತಾರೆ. ಈ ಮಾತಿನಲ್ಲಿ ಭೌತವಿಜ್ಞಾನದ ಒಂದು ಮುಖ್ಯ ಅಂಶ ಬಿಟ್ಟುಹೋಗಿದೆ.

ಒಲೆಯೊಳಗಿನ ಗಾಳಿಯ ತಾಪ 60 ಡಿಗ್ರಿ ನಿಜ. ಮಾಂಸದ ತಾಪ ಎಷ್ಟು? ಪ್ರಯೋಗಶಾಲೆಯ ಆರ್ದ್ರ ಬಲ್ಬ್ ತಾಪಮಾಪಕವನ್ನು ನೆನಪಿಸಿಕೊಳ್ಳಿ. ಒದ್ದೆಬಟ್ಟೆ ಸುತ್ತಿದ ಬಲ್ಬಿನಿಂದ ನೀರು ಆವಿಯಾಗುವಾಗ ಗುಪ್ತೋಷ್ಣವನ್ನು ಬಲ್ಬಿನಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ ಅದು ಸುತ್ತಲಿನ ಗಾಳಿಗಿಂತ ಕಡಿಮೆ ತಾಪವನ್ನು ತೋರಿಸುತ್ತದೆ. ಹಸಿಮಾಂಸದ ತುಂಡೂ ಒಂದು ಒದ್ದೆಬಟ್ಟೆಯೇ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರು. ಮಳೆಗಾಲದ ಮಂಗಳೂರಿನ ಗಾಳಿಯನ್ನು ತೆಗೆದುಕೊಳ್ಳೋಣ: ತಾಪ 27 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 80. ಅದನ್ನು 60 ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಶೇಕಡ 14ಕ್ಕೆ ಇಳಿಯುತ್ತದೆ. ಅಂಥ ಗಾಳಿಯಲ್ಲಿ ಆರ್ದ್ರ ಬಲ್ಬ್ ತೋರಿಸುವ ತಾಪ ಸುಮಾರು 32 ಡಿಗ್ರಿ ಮಾತ್ರ! ಅಂದರೆ ಮೇಲ್ಮೈ ಒದ್ದೆಯಾಗಿರುವಷ್ಟು ಕಾಲ ಮಾಂಸವು ಬ್ಯಾಕ್ಟೀರಿಯಗಳಿಗೆ ಹಿತವಾದ ಬೆಚ್ಚಗಿನ ತಾಪದಲ್ಲೇ ಇರುತ್ತದೆ. ನೀರು ಕಡಿಮೆಯಾದಂತೆ ಮಾಂಸದ ತಾಪ 60ರ ಕಡೆಗೆ ಏರುವುದೇನೋ ಹೌದು. ಆದರೆ ಒಣ ಪರಿಸರದಲ್ಲಿ ಸಾಲ್ಮೊನೆಲ್ಲದಂಥ ಬ್ಯಾಕ್ಟೀರಿಯಗಳು ಶಾಖವನ್ನು ಹೆಚ್ಚು ತಡೆದುಕೊಳ್ಳುತ್ತವೆ. ಶಾಖ ಬರುವ ಹೊತ್ತಿಗೆ ಅವು ಸಜ್ಜಾಗಿರುತ್ತವೆ. ಇದರ ಅಪಾಯ ನಾಯಿಗಷ್ಟೇ ಅಲ್ಲ. ಚೂರನ್ನು ಕೈಯಲ್ಲಿ ಹಿಡಿದು ಕೊಡುವ ಮನೆಯ ಮಕ್ಕಳಿಗೂ ಉಂಟು.

ಆದ್ದರಿಂದ ಕ್ರಮ ತಿರುಗಬೇಕು: ಮೊದಲು ಬೇಯಿಸಿ, ಆಮೇಲೆ ಒಣಗಿಸಿ. ಅಮೆರಿಕದ ಕೃಷಿ ಇಲಾಖೆ ಮನೆಯಲ್ಲಿ ಮಾಂಸ ಒಣಗಿಸುವವರಿಗೆ ಹೇಳುವುದೂ ಇದನ್ನೇ. ಕೋಳಿಮಾಂಸದ ಒಳಭಾಗ 74 ಡಿಗ್ರಿಯನ್ನೂ ಇತರ ಮಾಂಸ 71 ಡಿಗ್ರಿಯನ್ನೂ ಮುಟ್ಟಿದ ಮೇಲೆ ಒಣಗಿಸಲು ಇಡಬೇಕು. ಇದಕ್ಕೆ ನಮ್ಮ ಇಡ್ಲಿ ಪಾತ್ರೆಗಿಂತ ಒಳ್ಳೆಯ ಉಪಕರಣ ಬೇಡ. ಅಲ್ಲಿ ಗುಪ್ತೋಷ್ಣ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಹಬೆಯು ತಣ್ಣನೆಯ ಮಾಂಸದ ಮೇಲೆ ಸಾಂದ್ರೀಕರಿಸಿ, ಪ್ರತಿ ಗ್ರಾಮಿಗೆ ಸುಮಾರು 2260 ಜೂಲ್ ಉಷ್ಣವನ್ನು ಅದಕ್ಕೆ ಒಪ್ಪಿಸುತ್ತದೆ. 5 ಮಿಲಿಮೀಟರ್ ದಪ್ಪದ ಚೂರುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ನೀರು ಕುದಿದು ಹಬೆ ತುಂಬಿದ ಮೇಲೆ 10 ನಿಮಿಷ ಬೇಯಿಸಿದರೆ ಸಾಕು.

ದಪ್ಪ 5 ಮಿಲಿಮೀಟರೇ ಏಕೆ? ಒಳಗಿನ ನೀರು ಮೇಲ್ಮೈಗೆ ಬರುವುದು ವಿಸರಣದಿಂದ. ವಿಸರಣಕ್ಕೆ ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಇಮ್ಮಡಿಯಾದರೆ ಕಾಲ ನಾಲ್ಕು ಪಟ್ಟು. ಮಾಂಸವನ್ನು ಫ್ರೀಜರಿನಲ್ಲಿ ಅರೆಬರೆ ಗಟ್ಟಿಯಾಗುವಷ್ಟು ಹೊತ್ತು ಇಟ್ಟರೆ ಒಂದೇ ದಪ್ಪಕ್ಕೆ ಹೆಚ್ಚುವುದು ಸುಲಭ. ಬೇಯಿಸಿದ ಚೂರುಗಳನ್ನು 60 ಡಿಗ್ರಿಯಲ್ಲಿ, ಆವಿ ಹೊರಹೋಗುವಂತೆ ಒಲೆಯ ಬಾಗಿಲನ್ನು ತುಸು ತೆರೆದು ಒಣಗಿಸಿ. ಬೇಗ ಮುಗಿಯಲೆಂದು ತಾಪ ಏರಿಸಿದರೆ ಮೇಲ್ಪದರ ತೊಗಲಿನಂತೆ ಬಿಗಿದು ಒಳಗಿನ ನೀರಿನ ದಾರಿಯನ್ನೇ ಮುಚ್ಚುತ್ತದೆ. ಹೊರಗೆ ಗಟ್ಟಿ, ಒಳಗೆ ಹಸಿ. ಎರಡು ದಿನದಲ್ಲಿ ಬೂಸು.

ಒಂದು ಕಿಲೋಗ್ರಾಮ್ ಮಾಂಸ ಒಣಗಿದಾಗ ಸುಮಾರು 300 ಗ್ರಾಮ್ ಉಳಿಯುತ್ತದೆ. ಹೋದ 700 ಗ್ರಾಮ್ ನೀರೆಲ್ಲ ಆವಿಯಾಗಿಯೇ ಹೋಯಿತೆಂದುಕೊಂಡರೂ ಅದಕ್ಕೆ ಬೇಕಾದ ಶಕ್ತಿ ಅರ್ಧ ಯೂನಿಟ್ ವಿದ್ಯುತ್ತಿಗಿಂತ ಕಡಿಮೆ. 500 ವಾಟ್ ಯಂತ್ರ 6 ಗಂಟೆ ಓಡಿದರೆ 3 ಯೂನಿಟ್! ಉಳಿದದ್ದು ಬಿಸಿಗಾಳಿಯ ಜೊತೆ ಅಡಿಗೆಮನೆ ಸೇರುತ್ತದೆ.

ಸಾಕಷ್ಟು ಒಣಗಿತೆಂದು ತಿಳಿಯುವುದು ಹೇಗೆ? ಮುಖ್ಯವಾದುದು ಎಷ್ಟು ನೀರು ಉಳಿದಿದೆ ಎಂಬುದಲ್ಲ, ಅದರಲ್ಲಿ ಎಷ್ಟು ಸೂಕ್ಷ್ಮಜೀವಿಗಳಿಗೆ ದಕ್ಕುತ್ತದೆ ಎಂಬುದು. ಇದನ್ನು ಜಲ ಚಟುವಟಿಕೆ ಎನ್ನುತ್ತಾರೆ. ವಸ್ತುವಿನ ಮೇಲಿನ ನೀರಾವಿಯ ಒತ್ತಡವನ್ನು ಅದೇ ತಾಪದ ಶುದ್ಧ ನೀರಿನ ಆವಿಯ ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಹಸಿಮಾಂಸದಲ್ಲಿ 0.99. ಅದು 0.91ಕ್ಕಿಂತ ಇಳಿದರೆ ಬಹುತೇಕ ಬ್ಯಾಕ್ಟೀರಿಯಗಳು ಬೆಳೆಯವು, 0.85ಕ್ಕಿಂತ ಇಳಿದರೆ ಹಟಮಾರಿ ಸ್ಟಫೈಲೊಕಾಕಸ್ ಸಹ ವಿಷ ತಯಾರಿಸಲಾರದು; ಸುಮಾರು 0.60ರ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯದು. ನಮ್ಮ ಕರಾವಳಿಯ ಒಣಮೀನಿನಲ್ಲಿ ಈ ಸಂಖ್ಯೆಯನ್ನು ಇಳಿಸಲು ಉಪ್ಪೂ ನೆರವಾಗುತ್ತದೆ. ನಾಯಿಯ ತಿನಿಸಿಗೆ ಆ ಪ್ರಮಾಣದ ಉಪ್ಪು ಹಾಕುವಂತಿಲ್ಲವಾದ್ದರಿಂದ ಒಣಗಿಸುವುದೊಂದೇ ದಾರಿ.

ಅಧ್ಯಾಪಕರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಬಿಗಿ ಮುಚ್ಚಳದ ಜಾಡಿಯ ತಳದಲ್ಲಿ ಅಡಿಗೆ ಉಪ್ಪಿನ ಸಂತೃಪ್ತ ದ್ರಾವಣವನ್ನು ಹಾಕಿ. ತಳದಲ್ಲಿ ಕರಗದ ಉಪ್ಪು ಕಾಣುವಂತಿರಲಿ. ಅದರ ಮೇಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ರಲ್ಲಿ ನಿಲ್ಲುತ್ತದೆ. ಒಣಗಿದ ಚೂರೊಂದನ್ನು ನಿಖರವಾಗಿ ತೂಗಿ, ದ್ರಾವಣಕ್ಕೆ ತಾಗದಂತೆ ದಾರದಲ್ಲಿ ತೂಗಬಿಟ್ಟು ಮುಚ್ಚಿ. ಎರಡು ದಿನ ಬಿಟ್ಟು ಮತ್ತೆ ತೂಗಿ. ತೂಕ ಹೆಚ್ಚಿದ್ದರೆ ಚೂರು ಗಾಳಿಯಿಂದ ನೀರು ಹೀರಿದೆ. ಅದರ ಜಲ ಚಟುವಟಿಕೆ 0.75ಕ್ಕಿಂತ ಕಡಿಮೆಯಿತ್ತು. ತೂಕ ಇಳಿದಿದ್ದರೆ ಆ ಕಂತು ಮತ್ತೆ ಒಲೆಗೆ. ಪರೀಕ್ಷೆಗೆ ಬಳಸಿದ ಚೂರನ್ನು ಎಸೆದುಬಿಡಿ.

ಈರುಳ್ಳಿ, ಬೆಳ್ಳುಳ್ಳಿಗಳನ್ನು ರುಚಿಗೆಂದೂ ಸೇರಿಸಬೇಡಿ. ಅವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಉತ್ಕರ್ಷಿಸಿ ಒಡೆಯುತ್ತವೆ. ಕೊಬ್ಬನ್ನು ಕತ್ತರಿಸಿ ತೆಗೆಯಿರಿ. ಅದು ಒಣಗುವುದಿಲ್ಲ, ಬರೀ ಕಮಟುತ್ತದೆ. ಚೂರುಗಳು ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ರೆಫ್ರಿಜಿರೇಟರಿನಲ್ಲಿಡಿ.

ಇನ್ನು ಎಷ್ಟು ಕೊಡಬೇಕು? ನೀರು ಹೋಗಿದೆಯೇ ಹೊರತು ಕ್ಯಾಲೊರಿ ಹೋಗಿಲ್ಲ. 300 ಗ್ರಾಮ್ ಚೂರಿನಲ್ಲಿ ಒಂದು ಕಿಲೋಗ್ರಾಮ್ ಮಾಂಸದ ಸುಮಾರು 1100 ಕಿಲೊಕ್ಯಾಲೊರಿ ಅಡಗಿದೆ. 5 ಕಿಲೋಗ್ರಾಮ್ ತೂಕದ ನಾಯಿಗೆ ದಿನಕ್ಕೆ ಬೇಕಾದದ್ದು 370ರ ಆಸುಪಾಸು. ತಿನಿಸು ಅದರ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂಬುದು ಪಶುವೈದ್ಯರ ಲೆಕ್ಕ. ಅಂದರೆ ದಿನಕ್ಕೆ 10 ಗ್ರಾಮ್. ಅದನ್ನು ಕತ್ತರಿಯಿಂದ ಬೆರಳಿನ ಉಗುರಿನಷ್ಟು ಚೂರುಗಳಾಗಿ ಕತ್ತರಿಸಿಕೊಂಡರೆ ದಿನವಿಡೀ ಕೊಡಬಹುದು. ನಾಯಿ ಎಣಿಸುವುದು ಚೂರುಗಳನ್ನು, ಗ್ರಾಮುಗಳನ್ನಲ್ಲ.